ಹವಾಮಾನ ಕೇಂದ್ರದ ಕುರ್ಚಿಯನ್ನು ಕೊಡುವವರು ಯಾರು?

‘ಹವಾಮಾನ ಬದಲಾವಣೆ ಸಂಶೋಧನಾ ಕೇಂದ್ರಕ್ಕೆ ಹಿರಿಯ ನಿರ್ದೇಶಕರು ಬೇಕಾಗಿದ್ದಾರೆ’ ಎಂಬ ಜಾಹೀರಾತುಗಳು ಇಂದು ಜಗತ್ತಿನ ಎಲ್ಲ ಕಡೆಗಳಿಂದ ಹೊರಬೀಳುತ್ತಿವೆ. ಅವುಗಳನ್ನು ಓದಿದವರಿಗೆ ಒಂದು ಸಂಗತಿ ಎದ್ದು ಕಾಣುತ್ತದೆ. ಅಭ್ಯರ್ಥಿಗೆ ಡಾಕ್ಟರೇಟ್ ಇರಬೇಕು, ಸಿಬ್ಬಂದಿಯನ್ನು ಮುನ್ನಡೆಸಿದ ಅನುಭವವಿರಬೇಕು, ಉದ್ಯಮರಂಗದೊಂದಿಗೆ ಸಂಪರ್ಕವಿರಬೇಕು, ಎಲ್ಲಕ್ಕಿಂತ ಮಿಗಿಲಾಗಿ ಹೊರಗಿನಿಂದ ಹಣ ತರುವ ಸಾಮರ್ಥ್ಯವಿರಬೇಕು. ಆದರೆ ಹಣ ಕೊಟ್ಟವನಿಗೆ ಇಷ್ಟವಾಗದ ಸತ್ಯವನ್ನು ಸಾರ್ವಜನಿಕವಾಗಿ ಹೇಳಿದ ಅನುಭವವಿದೆಯೇ ಎಂದು ಯಾವ ಜಾಹೀರಾತೂ ಕೇಳುವುದಿಲ್ಲ. ಹಾಗೆ ಹೇಳಿದರೆ ನಿಮ್ಮ ಬೆನ್ನಿಗೆ ನಾವಿದ್ದೇವೆ ಎಂಬ ಭರವಸೆಯನ್ನೂ ಕೊಡುವುದಿಲ್ಲ.

ಒಂದು ಸಂಶೋಧನಾ ಕೇಂದ್ರಕ್ಕೆ ಯಾರನ್ನು ನೇಮಿಸಿದರೆ ನಮಗೇನು ಎಂದು ಓದುಗರು ಕೇಳಬಹುದು. ನಾವೂ ಕಲಾ ವಿಭಾಗದಲ್ಲಿ ಓದಿ ಬಂದವರೇ. ಮೋಡದ ಗಣಿತ ನಮಗೆ ತಿಳಿಯದು. ಆದರೆ ಒಂದು ಕುರ್ಚಿಯಲ್ಲಿ ಯಾರನ್ನು ಕೂರಿಸಬೇಕೆಂದು ಯಾರು ತೀರ್ಮಾನಿಸುತ್ತಾರೆ, ಏಕೆ ತೀರ್ಮಾನಿಸುತ್ತಾರೆ ಎಂಬುದು ಗಣಿತದ ಪ್ರಶ್ನೆಯಲ್ಲ. ನಮ್ಮ ಊರುಗಳ ಸಂಘ-ಸಂಸ್ಥೆಗಳ ಕಾರ್ಯಕಾರಿ ಸಮಿತಿಗಳನ್ನು ಹತ್ತಿರದಿಂದ ಬಲ್ಲ ಯಾರಿಗೂ ಅದು ಅರ್ಥವಾಗುವ ಪ್ರಶ್ನೆಯೇ. ಲೆಕ್ಕ ಕೇಳದವನನ್ನು ಹುಡುಕಿ ತಂದು ಕೂರಿಸುವ ಕಲೆಯನ್ನು ನಾವು ವಿದೇಶಗಳಿಂದ ಕಲಿಯಬೇಕಾದುದೇನೂ ಇಲ್ಲ.

ಜಾರ್ಜ್ ಬುಶ್ ಅಮೇರಿಕದ ಅಧ್ಯಕ್ಷರಾಗಿ ಪ್ರಮಾಣವಚನ ಸ್ವೀಕರಿಸಿದ್ದು 2001ರ ಜನವರಿ 20ರಂದು. ಮೂರು ವಾರ ತುಂಬುವ ಮೊದಲೇ, ಫೆಬ್ರವರಿ 6ರಂದು, ತೈಲ ದೈತ್ಯ ಎಕ್ಸಾನ್‌ಮೊಬಿಲ್ ಕಂಪೆನಿಯ ವಾಷಿಂಗ್ಟನ್ ಪ್ರತಿನಿಧಿಯಿಂದ ಶ್ವೇತಭವನಕ್ಕೆ ಒಂದು ಟಿಪ್ಪಣಿ ತಲುಪಿತು. ವಿಶ್ವಸಂಸ್ಥೆಯ ಆಶ್ರಯದಲ್ಲಿರುವ ಹವಾಮಾನ ಬದಲಾವಣೆ ಕುರಿತ ಅಂತರ್ ಸರಕಾರಿ ಮಂಡಳಿಯ (ಐಪಿಸಿಸಿ) ಅಧ್ಯಕ್ಷ ರಾಬರ್ಟ್ ವಾಟ್ಸನ್‌ರನ್ನು ಅಮೇರಿಕದ ಕೋರಿಕೆಯ ಮೇರೆಗೆ ಈಗಲೇ ಬದಲಾಯಿಸಲು ಸಾಧ್ಯವೇ ಎಂಬುದು ಅದರಲ್ಲಿದ್ದ ಪ್ರಶ್ನೆ. ಈ ಮಂಡಳಿ ಸ್ವತಃ ಸಂಶೋಧನೆ ನಡೆಸುವುದಿಲ್ಲ. ಜಗತ್ತಿನ ವಿಜ್ಞಾನಿಗಳು ಕಂಡುಕೊಂಡದ್ದನ್ನು ಒಟ್ಟುಗೂಡಿಸಿ ಸರಕಾರಗಳ ಮುಂದಿಡುತ್ತದೆ. ಕಳೆದ ಐವತ್ತು ವರ್ಷಗಳ ತಾಪಮಾನ ಏರಿಕೆಯ ಹೆಚ್ಚಿನ ಭಾಗಕ್ಕೆ ಮನುಷ್ಯನೇ ಕಾರಣನಾಗಿರುವ ಸಂಭವವಿದೆ ಎಂದು ಅದೇ 2001ರಲ್ಲಿ ವಾಟ್ಸನ್‌ರ ನೇತೃತ್ವದ ಮಂಡಳಿ ಹೇಳಿತ್ತು. ವಾಟ್ಸನ್‌ರ ಅಪರಾಧವೇನೆಂದು ಇನ್ನು ವಿವರಿಸಬೇಕೇ?

2002ರ ಏಪ್ರಿಲ್‌ನಲ್ಲಿ ಜಿನೇವಾದಲ್ಲಿ ಚುನಾವಣೆ ನಡೆಯಿತು. ಅಮೇರಿಕದ ಬೆಂಬಲ ಪಡೆದ ಭಾರತದ ರಾಜೇಂದ್ರ ಪಚೌರಿ 76 ಮತಗಳಿಂದ ಗೆದ್ದರು. ವಾಟ್ಸನ್‌ರಿಗೆ ಸಿಕ್ಕಿದ್ದು 49. ಭಾರತೀಯರೊಬ್ಬರು ಆ ಸ್ಥಾನಕ್ಕೇರಿದ್ದು ನಮಗೆಲ್ಲ ಹೆಮ್ಮೆಯ ಸಂಗತಿಯೇ ಆಗಿತ್ತು. ತಾಪಮಾನದ ಹೊಡೆತ ಉಣ್ಣುವ ಬಡ ರಾಷ್ಟ್ರಗಳ ಪ್ರತಿನಿಧಿ ಅಲ್ಲಿರಬೇಕೆಂಬ ವಾದದಲ್ಲಿ ನ್ಯಾಯವೂ ಇತ್ತು. ಆದರೆ ಆ ನ್ಯಾಯದ ಮಾತು ಬುಶ್ ಆಡಳಿತದ ಬಾಯಿಂದ ಬಂದಾಗ ಅದರ ಹಿಂದಿನ ಹುನ್ನಾರವನ್ನು ಗುರುತಿಸದಿರುವುದು ಹೇಗೆ? ಕ್ಯೋಟೋ ಒಪ್ಪಂದವನ್ನು ಕಸದಬುಟ್ಟಿಗೆ ಎಸೆದವರಿಗೆ ಮೂರನೆಯ ಜಗತ್ತಿನ ಮೇಲೆ ಇದ್ದಕ್ಕಿದ್ದಂತೆ ಅಕ್ಕರೆ ಉಕ್ಕಿತೇ? ಪಚೌರಿ ಹವಾಮಾನ ವಿಜ್ಞಾನಿಯಲ್ಲ, ಇಂಜಿನಿಯರ್ ಮತ್ತು ಅರ್ಥಶಾಸ್ತ್ರಜ್ಞ. ಇವರು ಮೆದುವಾಗಿರುತ್ತಾರೆ ಎಂಬುದು ಆಯ್ಕೆ ಮಾಡಿದವರ ಲೆಕ್ಕಾಚಾರವಾಗಿತ್ತು. ಅಮೇರಿಕದ ಮಾಜಿ ಉಪಾಧ್ಯಕ್ಷ ಆಲ್ ಗೋರ್ ಕೂಡ ಹಾಗೆಂದೇ ಭಾವಿಸಿ ಅಂದು ಪಚೌರಿಯವರ ವಿರುದ್ಧ ಕಟುವಾಗಿ ಬರೆದಿದ್ದರು.

ವಿಪರ್ಯಾಸವೆಂದರೆ ಲೆಕ್ಕಾಚಾರ ತಲೆಕೆಳಗಾಯಿತು. ತಾಪಮಾನ ಏರಿಕೆ ನಿಸ್ಸಂದಿಗ್ಧ ಎಂದು 2007ರಲ್ಲಿ ಪಚೌರಿಯವರ ಮಂಡಳಿ ವಾಟ್ಸನ್‌ರ ಕಾಲಕ್ಕಿಂತಲೂ ಗಟ್ಟಿಯಾಗಿ ಹೇಳಿತು. ಅದೇ ವರ್ಷ ನೊಬೆಲ್ ಶಾಂತಿ ಪ್ರಶಸ್ತಿಯನ್ನು ಮಂಡಳಿಯೂ ಆಲ್ ಗೋರ್ ಅವರೂ ಹಂಚಿಕೊಂಡರು! ಸಾವಿರಾರು ವಿಜ್ಞಾನಿಗಳ ಕೆಲಸವನ್ನು ಒಬ್ಬ ಅಧ್ಯಕ್ಷನಿಂದ ಅಡಗಿಸಲಾಗದು ಎಂದು ಇದರಿಂದ ಸಮಾಧಾನಪಡಬಹುದು. ಆದರೆ ಪಚೌರಿಯವರ ಅಧ್ಯಾಯ ಅಲ್ಲಿಗೆ ಮುಗಿಯಲಿಲ್ಲ. ಹಿಮಾಲಯದ ಹಿಮನದಿಗಳು 2035ರೊಳಗೆ ಮಾಯವಾಗಬಹುದೆಂಬ ತಪ್ಪು ಹೇಳಿಕೆಯೊಂದು ಅದೇ ವರದಿಯಲ್ಲಿ ನುಸುಳಿತ್ತು. ಅದಕ್ಕೆ ವಿರುದ್ಧವಾದ ಭಾರತ ಸರಕಾರದ ವರದಿಯನ್ನು ಪಚೌರಿ ಹೀಗಳೆದರು. ಕೊನೆಗೆ 2010ರ ಜನವರಿಯಲ್ಲಿ ಮಂಡಳಿಯೇ ವಿಷಾದ ವ್ಯಕ್ತಪಡಿಸಬೇಕಾಯಿತು. ಅಧ್ಯಕ್ಷರ ಅವಧಿ ಒಂದು ವರದಿಯ ಕಾಲಕ್ಕಷ್ಟೇ ಸೀಮಿತವಾಗಬೇಕೆಂದು ಆ ವರ್ಷ ನೇಮಿಸಲಾದ ಪರಿಶೀಲನಾ ಸಮಿತಿ ಶಿಫಾರಸು ಮಾಡಿತು. ಅವರು ಮಾತ್ರ 2015ರ ತನಕ ಮುಂದುವರಿದರು. ಸಹೋದ್ಯೋಗಿಯೊಬ್ಬರು ಲೈಂಗಿಕ ಕಿರುಕುಳದ ದೂರು ನೀಡಿದ ಬಳಿಕ, ಆರೋಪವನ್ನು ನಿರಾಕರಿಸುತ್ತಲೇ ರಾಜೀನಾಮೆ ಕೊಟ್ಟರು. ಹದಿಮೂರು ವರ್ಷ ಒಂದೇ ಕುರ್ಚಿ. ತಪ್ಪನ್ನು ತಪ್ಪೆಂದು ಒಪ್ಪಿಕೊಳ್ಳಲು ಅಷ್ಟು ದೀರ್ಘಕಾಲ ಕುಳಿತವರಿಗೆ ಕಷ್ಟವಾಗುತ್ತದೆ.

ಒಬ್ಬರನ್ನು ಎಬ್ಬಿಸಿ ಇನ್ನೊಬ್ಬರನ್ನು ಕೂರಿಸಿದ ಕತೆ ಇದು. ಕುರ್ಚಿಯನ್ನೇ ಒಡೆದು, ಬೇಕಾದ ಆಕಾರಕ್ಕೆ ಮತ್ತೊಂದನ್ನು ಕೆತ್ತಿಸಲು ಹೊರಟ ಕತೆಯನ್ನು ತಿಳಿಯಬೇಕಾದರೆ ಆಸ್ಟ್ರೇಲಿಯಕ್ಕೆ ಹೋಗಬೇಕು.

ಕಲ್ಲಿದ್ದಲು ರಫ್ತಿನಲ್ಲಿ ಜಗತ್ತಿನ ಮುಂಚೂಣಿಯಲ್ಲಿರುವ ಆ ದೇಶದಲ್ಲಿ 2013ರ ಸೆಪ್ಟೆಂಬರ್‌ನಲ್ಲಿ ಟೋನಿ ಅಬಾಟ್ ಪ್ರಧಾನಿಯಾದರು. ಅಧಿಕಾರಕ್ಕೆ ಬಂದ ಕೂಡಲೇ ಅವರ ಸರಕಾರ ಹವಾಮಾನ ಆಯೋಗವನ್ನು ರದ್ದುಪಡಿಸಿತು. ವಿಜ್ಞಾನವನ್ನು ಜನರ ಭಾಷೆಯಲ್ಲಿ ಜನರಿಗೆ ತಿಳಿಸುವುದು ಆ ಆಯೋಗದ ಕೆಲಸವಾಗಿತ್ತು, ವಿಜ್ಞಾನಿ ಟಿಮ್ ಫ್ಲಾನೆರಿ ಅದರ ಮುಖ್ಯಸ್ಥರಾಗಿದ್ದರು. ಮಿತವ್ಯಯದ ನೆಪ ಹೇಳಲಾಯಿತು. ಫ್ಲಾನೆರಿ ಮತ್ತು ಸಂಗಡಿಗರು ಸುಮ್ಮನಾಗದೆ ಜನರ ಮುಂದೆ ಕೈಚಾಚಿದರು. ಒಂದೇ ವಾರದಲ್ಲಿ ಸಾಮಾನ್ಯ ನಾಗರಿಕರು ಸುಮಾರು 10 ಲಕ್ಷ ಡಾಲರ್ ಕೊಟ್ಟರು. ಅದೇ ತಂಡ ‘ಹವಾಮಾನ ಪರಿಷತ್ತು’ ಎಂಬ ಹೆಸರಿನಲ್ಲಿ ಎದ್ದು ನಿಂತಿತು.

ಹಣವಿಲ್ಲ ಎಂದು ಆಯೋಗವನ್ನು ಮುಚ್ಚಿದ ಅದೇ ಸರಕಾರ 2015ರ ಏಪ್ರಿಲ್‌ನಲ್ಲಿ ಪರ್ತ್ ನಗರದ ವಿಶ್ವವಿದ್ಯಾನಿಲಯವೊಂದಕ್ಕೆ 40 ಲಕ್ಷ ಡಾಲರ್ ಕೊಡಮಾಡಿತು. ಯಾತಕ್ಕೆ? ಡೆನ್ಮಾರ್ಕಿನ ಬ್ಯೋರ್ನ್ ಲೊಂಬೊರ್ಗ್‌ರ ಚಿಂತನಾ ಕ್ರಮವನ್ನು ಅನುಸರಿಸುವ ಒಂದು ಕೇಂದ್ರವನ್ನು ತೆರೆಯುವುದಕ್ಕೆ. ಈ ಲೊಂಬೊರ್ಗ್ ಯಾರು? ರಾಜ್ಯಶಾಸ್ತ್ರ ಓದಿದವರು, ಅಂಕಿ ಅಂಶಗಳ ಮೇಷ್ಟ್ರು. ಭೂಮಿ ಬಿಸಿಯಾಗುತ್ತಿದೆ, ಅದರಲ್ಲಿ ಮನುಷ್ಯನ ಕೈವಾಡವಿದೆ ಎಂಬುದನ್ನು ಅವರು ಅಲ್ಲಗಳೆಯುವುದಿಲ್ಲ. ಇದನ್ನು ನಾವು ನ್ಯಾಯಕ್ಕಾಗಿ ಹೇಳಲೇಬೇಕು. ಆದರೆ ಇಂಗಾಲ ಕಡಿತಕ್ಕೆ ಭಾರೀ ಖರ್ಚು ಮಾಡುವುದಕ್ಕಿಂತ ಅದೇ ಹಣವನ್ನು ಬೇರೆ ಕಡೆ ವ್ಯಯಿಸುವುದು ಲಾಭಕರ ಎಂದು ವಾದಿಸುತ್ತಾರೆ. 2002ರಲ್ಲಿ ಡೆನ್ಮಾರ್ಕಿನ ಬಲಪಂಥೀಯ ಸರಕಾರವೂ ಅವರನ್ನೇ ಹೊಸದಾಗಿ ತೆರೆದ ಪರಿಸರ ಮೌಲ್ಯಮಾಪನ ಸಂಸ್ಥೆಯ ನಿರ್ದೇಶಕರನ್ನಾಗಿ ಮಾಡಿತ್ತು. ಅಂದರೆ ಎರಡು ದೇಶಗಳ ಎರಡು ಸರಕಾರಗಳು, ಹದಿಮೂರು ವರ್ಷಗಳ ಅಂತರದಲ್ಲಿ, ಒಬ್ಬನೇ ವ್ಯಕ್ತಿಯನ್ನು ಹುಡುಕಿಕೊಂಡು ಹೋದವು. ಉತ್ತರ ಮೊದಲೇ ಸಿದ್ಧವಿದ್ದಾಗ ಆ ಉತ್ತರವನ್ನು ಬರೆಯುವ ಕೈಯನ್ನಷ್ಟೇ ಹುಡುಕಬೇಕಾಗುತ್ತದೆ.

ಆದರೆ ಪರ್ತ್‌ನ ಅಧ್ಯಾಪಕರೂ ವಿದ್ಯಾರ್ಥಿಗಳೂ ಒಪ್ಪಲಿಲ್ಲ. ನಮ್ಮ ವಿಶ್ವವಿದ್ಯಾನಿಲಯದ ಹೆಸರನ್ನು ಸರಕಾರ ಬಾಡಿಗೆಗೆ ಪಡೆಯುತ್ತಿದೆ ಎಂಬುದು ಅವರ ಆಕ್ರೋಶದ ತಿರುಳಾಗಿತ್ತು. ಮೇ 8ರಂದು ಕುಲಪತಿ ಯೋಜನೆಯನ್ನು ಕೈಬಿಟ್ಟು ಹಣವನ್ನು ನಿರಾಕರಿಸಿದರು. ಸರಕಾರ ಬೇರೆ ವಿಶ್ವವಿದ್ಯಾನಿಲಯವನ್ನು ಹುಡುಕಿತು. ಅಬಾಟ್ ಪದಚ್ಯುತರಾದ ಬಳಿಕ ಅಕ್ಟೋಬರ್‌ನಲ್ಲಿ ಆ ಪ್ರಸ್ತಾಪವೇ ಮಣ್ಣುಗೂಡಿತು. ಬರುವ 40 ಲಕ್ಷ ಡಾಲರನ್ನು ಬೇಡವೆನ್ನುವ ಧೈರ್ಯ ಒಂದು ವಿಶ್ವವಿದ್ಯಾನಿಲಯಕ್ಕೆ ಎಲ್ಲಿಂದ ಬಂತು? ಮೇಲಿನಿಂದಲ್ಲ. ಪಾಠ ಮಾಡುವವರು ಮತ್ತು ಪಾಠ ಕೇಳುವವರು ಎದ್ದು ನಿಂತದ್ದರಿಂದ ಬಂತು.

‘ಇದೆಲ್ಲ ವಿಜ್ಞಾನಿಯಲ್ಲದವರನ್ನು ತಂದುದರ ಫಲ, ವಿಜ್ಞಾನಿಯನ್ನೇ ನೇಮಿಸಿದರಾಯಿತಲ್ಲ’ ಎನ್ನುವವರಿದ್ದಾರೆ. ವಿಷಯ ಅಷ್ಟು ಸರಳವಲ್ಲವೆಂಬುದಕ್ಕೂ ಆಸ್ಟ್ರೇಲಿಯವೇ ಸಾಕ್ಷಿ. ಅಲ್ಲಿನ ರಾಷ್ಟ್ರೀಯ ವಿಜ್ಞಾನ ಸಂಸ್ಥೆ ಸಿಎಸ್‌ಐಆರ್‌ಓಗೆ 2015ರ ಜನವರಿಯಲ್ಲಿ ಮುಖ್ಯಸ್ಥರಾಗಿ ಬಂದ ಲ್ಯಾರಿ ಮಾರ್ಷಲ್ ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದವರು. ಆದರೆ ಅವರ ವೃತ್ತಿಜೀವನದ ಬಹುಭಾಗ ಕಳೆದದ್ದು ಅಮೇರಿಕದ ಸಿಲಿಕಾನ್ ಕಣಿವೆಯಲ್ಲಿ, ಕಂಪೆನಿಗಳನ್ನು ಕಟ್ಟುವುದರಲ್ಲಿ ಮತ್ತು ಅವುಗಳಿಗೆ ಬಂಡವಾಳ ಹೂಡುವುದರಲ್ಲಿ. 2016ರ ಫೆಬ್ರವರಿ 4ರಂದು ಅವರು ಸಿಬ್ಬಂದಿಗೆ ಒಂದು ಪತ್ರ ಬರೆದರು. ಹವಾಮಾನ ಬದಲಾಗುತ್ತಿದೆ ಎಂಬುದು ಸಾಬೀತಾಗಿದೆ, ಪ್ಯಾರಿಸ್ ಸಮ್ಮೇಳನದಲ್ಲಿ ಜಗತ್ತೇ ಅದನ್ನು ಒಪ್ಪಿದೆ, ಇನ್ನು ಅದಕ್ಕೆ ಹೊಂದಿಕೊಳ್ಳುವುದು ಹೇಗೆಂಬ ಕಡೆಗೆ ಗಮನ ಹರಿಸೋಣ ಎಂಬುದು ಪತ್ರದ ಸಾರಾಂಶ. ಅದರ ಬೆನ್ನಿಗೇ ಸಮುದ್ರ ಮತ್ತು ವಾಯುಮಂಡಲ ವಿಭಾಗದ ಸುಮಾರು ನೂರು ಹುದ್ದೆಗಳ ಮೇಲೆ ಕತ್ತಿ ಬೀಸುವ ಯೋಜನೆ ಬಯಲಾಯಿತು.

ಜ್ವರವಿರುವುದು ಖಚಿತವಾಯಿತಲ್ಲ, ಇನ್ನು ಥರ್ಮಾಮೀಟರ್ ಬಿಸಾಡಿ ಎಂದು ಹೇಳುವ ವೈದ್ಯನ ಬಳಿಗೆ ನಾವು ನಮ್ಮ ಮಕ್ಕಳನ್ನು ಕರೆದುಕೊಂಡು ಹೋಗುತ್ತೇವೆಯೇ? ಟಾಸ್ಮೇನಿಯದ ಕೇಪ್ ಗ್ರಿಮ್ ಎಂಬಲ್ಲಿ 1976ರಿಂದ ಗಾಳಿಯಲ್ಲಿನ ಇಂಗಾಲವನ್ನು ಅಳೆಯಲಾಗುತ್ತಿದೆ. ದಕ್ಷಿಣ ಗೋಳಾರ್ಧದಲ್ಲಿ ಅಂತಹ ಕೇಂದ್ರಗಳು ಬೆರಳೆಣಿಕೆಯಷ್ಟೇ ಇವೆ. ಮಾರ್ಷಲ್‌ರ ಪತ್ರದ ಮೂರು ತಿಂಗಳ ನಂತರ ಅಲ್ಲಿಯ ಅಳತೆ ಮೊದಲ ಬಾರಿಗೆ ಹತ್ತು ಲಕ್ಷಕ್ಕೆ 400 ಅಂಶಗಳನ್ನು ದಾಟಿತು. ಅಳೆಯುವವನನ್ನು ಮನೆಗೆ ಕಳುಹಿಸಲು ಎಂತಹ ಗಳಿಗೆಯನ್ನು ಆರಿಸಿಕೊಂಡರು ನೋಡಿ! ಸಾರ್ವಜನಿಕ ಹಿತವೊಂದೇ ಸಾಲದು, ಸಂಶೋಧನೆ ಉದ್ಯೋಗ ಮತ್ತು ಬೆಳವಣಿಗೆಯೊಂದಿಗೆ ಜೋಡಣೆಯಾಗಬೇಕು ಎಂಬರ್ಥದ ಮಾತು ಸಂಸ್ಥೆಯ ಅಧಿಕಾರಿಗಳ ಆಂತರಿಕ ಪತ್ರಗಳಲ್ಲಿದ್ದುದು ನಂತರ ಸಂಸದೀಯ ವಿಚಾರಣೆಯಲ್ಲಿ ಹೊರಬಂತು. ಜಗತ್ತಿನಾದ್ಯಂತ ಸುಮಾರು 3000 ವಿಜ್ಞಾನಿಗಳು ಪ್ರತಿಭಟನಾ ಪತ್ರಕ್ಕೆ ಸಹಿ ಹಾಕಿದರು. ಕೊನೆಗೆ ಏಪ್ರಿಲ್‌ನಲ್ಲಿ ಹೋಬಾರ್ಟ್ ನಗರದಲ್ಲಿ 40 ವಿಜ್ಞಾನಿಗಳ ಹವಾಮಾನ ವಿಜ್ಞಾನ ಕೇಂದ್ರವೊಂದನ್ನು ಘೋಷಿಸಿ, ಹತ್ತು ವರ್ಷಗಳ ಭರವಸೆ ಕೊಡಬೇಕಾಯಿತು. ಕತ್ತರಿಸುವುದಕ್ಕೆ ಹೊರಟವರ ಕೈಯಿಂದಲೇ ಉಳಿಸುವ ಘೋಷಣೆ ಬಂತು. ಅಷ್ಟರಲ್ಲಿ ಅನೇಕರ ಮನಸ್ಸು ಮುರಿದಿತ್ತು.

ಆದ್ದರಿಂದ ಪ್ರಶ್ನೆ ಪದವಿಯದ್ದಲ್ಲ. ಆಡಳಿತ ಸಾಮರ್ಥ್ಯ ಬೇಡವೆಂದೂ ನಾವು ಹೇಳುತ್ತಿಲ್ಲ. ನೂರು ಜನರ ಸಂಬಳ ತಿಂಗಳಿಗೆ ಸರಿಯಾಗಿ ಆಗಬೇಕಾದರೆ ಕಡತ ಓದಬಲ್ಲವನು ಬೇಕೇ ಬೇಕು. ಹಣ ತರುವವನು ಬೇಡವೆಂದೂ ಅಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2009ರಲ್ಲಿ ಆರಂಭವಾದ ದಿವೇಚಾ ಹವಾಮಾನ ಬದಲಾವಣೆ ಕೇಂದ್ರದ ಹೆಸರಿನಲ್ಲಿಯೇ ದಾನಿಗಳಿದ್ದಾರೆ. ದಾನ ಪಡೆಯುವುದು ಪಾಪವಲ್ಲ. ಆದರೆ ಉಪ್ಪಿಟ್ಟವರನ್ನು ಮುಪ್ಪಿನ ತನಕ ನೆನೆ ಎಂಬ ನಮ್ಮ ಗಾದೆ ಮನೆಮಠಕ್ಕೆ ಒಪ್ಪುತ್ತದೆ, ಪ್ರಯೋಗಾಲಯಕ್ಕೆ ಒಪ್ಪುವುದಿಲ್ಲ. ಉಪ್ಪಿಟ್ಟವನು ಆಯ್ಕೆ ಸಮಿತಿಯಲ್ಲೂ ಕುಳಿತನೆಂದರೆ ನಿರ್ದೇಶಕ ನೆನೆಯಬೇಕಾದುದು ಅವನನ್ನೋ ಸತ್ಯವನ್ನೋ?

ಕುರ್ಚಿಯಲ್ಲಿರುವವನಿಗೆ ರಕ್ಷಣೆಯಿದ್ದರೆ ಏನಾಗುತ್ತದೆಂಬುದಕ್ಕೆ ಅಮೇರಿಕದಲ್ಲಿಯೇ ಉದಾಹರಣೆಯಿದೆ. ಜೇಮ್ಸ್ ಹ್ಯಾನ್ಸೆನ್ 1981ರಿಂದ 2013ರ ತನಕ ನಾಸಾದ ಗೊಡ್ಡಾರ್ಡ್ ಬಾಹ್ಯಾಕಾಶ ಅಧ್ಯಯನ ಸಂಸ್ಥೆಯ ನಿರ್ದೇಶಕರಾಗಿದ್ದರು. 1988ರ ಜೂನ್‌ನಲ್ಲಿ ಅಮೇರಿಕದ ಸೆನೆಟ್ ಸಮಿತಿಯ ಮುಂದೆ ನಿಂತು ಭೂಮಿ ಬಿಸಿಯಾಗುತ್ತಿರುವುದನ್ನು ಬಿಚ್ಚಿಟ್ಟವರು ಅವರೇ. ಬುಶ್ ಕಾಲದಲ್ಲಿ ಅವರ ಬಾಯಿಗೆ ಬೀಗ ಹಾಕುವ ಪ್ರಯತ್ನ ನಡೆಯಿತು. ಭಾಷಣಗಳನ್ನು, ಸಂದರ್ಶನಗಳನ್ನು ನಾಸಾದ ಪ್ರಚಾರ ವಿಭಾಗ ತಡೆಯತೊಡಗಿತು. ಹ್ಯಾನ್ಸೆನ್ ಅದನ್ನು 2006ರ ಜನವರಿಯಲ್ಲಿ ಪತ್ರಿಕೆಯ ಮುಂದೆಯೇ ಹೇಳಿಬಿಟ್ಟರು. ಫೆಬ್ರವರಿಯಲ್ಲಿ ರಾಜೀನಾಮೆ ಕೊಟ್ಟು ಹೋಗಬೇಕಾದದ್ದು ಹ್ಯಾನ್ಸೆನ್ ಅಲ್ಲ, ರಾಜಕೀಯ ನೇಮಕಾತಿಯಿಂದ ಬಂದಿದ್ದ ಯುವ ಪ್ರಚಾರ ಅಧಿಕಾರಿ. ಅವನು ತನಗಿದೆಯೆಂದು ಹೇಳಿಕೊಂಡಿದ್ದ ಪದವಿಯೂ ಪೂರ್ಣವಾಗಿರಲಿಲ್ಲವೆಂಬುದು ಆಗ ಬಯಲಾಯಿತು. ಇಪ್ಪತ್ತೈದು ವರ್ಷ ಸೇವೆ ಸಲ್ಲಿಸಿದ್ದ ನಿರ್ದೇಶಕನನ್ನು ರಾತ್ರೋರಾತ್ರಿ ಕಿತ್ತುಹಾಕುವ ದಾರಿ ಶ್ವೇತಭವನಕ್ಕೆ ಇರಲಿಲ್ಲ. ಆದರೆ ಅಧಿಕಾರಸ್ಥರೂ ಪಾಠ ಕಲಿಯುತ್ತಾರೆ. 2025ರಲ್ಲಿ ಟ್ರಂಪ್ ಆಡಳಿತ ಅದೇ ಸಂಸ್ಥೆಯ ನ್ಯೂಯಾರ್ಕ್ ಕಟ್ಟಡದ ಬಾಡಿಗೆ ಒಪ್ಪಂದವನ್ನೇ ಕೊನೆಗೊಳಿಸಿತು. ಮನುಷ್ಯನನ್ನು ಎಬ್ಬಿಸಲಾಗದಿದ್ದರೆ ಮನೆಯನ್ನೇ ಖಾಲಿ ಮಾಡಿಸುವುದು ಎಂದರೆ ಇದು.

ಇನ್ನೊಂದು ಬಗೆಯ ನಿರ್ದೇಶಕರೂ ಇದ್ದಾರೆ. ಅವರನ್ನು ನೋಡಲು ದೂರ ಹೋಗಬೇಕಿಲ್ಲ. ಢಾಕಾದಲ್ಲಿ 2009ರಲ್ಲಿ ಸ್ಥಾಪನೆಯಾದ ಹವಾಮಾನ ಬದಲಾವಣೆ ಮತ್ತು ಅಭಿವೃದ್ಧಿಯ ಅಂತಾರಾಷ್ಟ್ರೀಯ ಕೇಂದ್ರದ ನಿರ್ದೇಶಕರಾಗಿದ್ದ ಸಲೀಮುಲ್ ಹಕ್ ಸಸ್ಯಶಾಸ್ತ್ರ ಓದಿದವರು. ಲಂಡನ್ನಿನಲ್ಲಿ ಡಾಕ್ಟರೇಟ್ ಪಡೆದು, ಅಲ್ಲಿಯೇ ಸುಖವಾಗಿರಬಹುದಾಗಿದ್ದರೂ ಸಮುದ್ರ ಮಟ್ಟಕ್ಕಿಂತ ಹೆಚ್ಚೇನೂ ಎತ್ತರದಲ್ಲಿಲ್ಲದ ತಮ್ಮ ನಾಡಿನಲ್ಲಿ ಕೇಂದ್ರ ಕಟ್ಟಿದರು. ವಿಶ್ವಸಂಸ್ಥೆಯ ವಾರ್ಷಿಕ ಹವಾಮಾನ ಸಮ್ಮೇಳನ ಆರಂಭವಾದಂದಿನಿಂದ ಒಂದನ್ನೂ ತಪ್ಪಿಸದೆ ಹೋಗಿ, ಹೊಗೆ ಉಗುಳಿದವರು ನಷ್ಟ ಉಂಡವರಿಗೆ ಪರಿಹಾರ ಕೊಡಬೇಕೆಂದು ವಾದಿಸಿದರು. ಬಡ ರಾಷ್ಟ್ರಗಳ ಪ್ರತಿನಿಧಿಗಳಿಗೆ ಸಂಧಾನದ ಪಟ್ಟುಗಳನ್ನು ಕಲಿಸಿದರು. 2022ರ ನವೆಂಬರ್‌ನಲ್ಲಿ ಈಜಿಪ್ಟಿನ ಶರ್ಮುಶ್ಶೇಖ್‌ನಲ್ಲಿ ನಷ್ಟ ಪರಿಹಾರ ನಿಧಿಗೆ ಒಪ್ಪಿಗೆ ಸಿಕ್ಕಿತು. ಮರುವರ್ಷ ಅಕ್ಟೋಬರ್ 28ರಂದು ಅವರು ತೀರಿಕೊಂಡರು. ಶ್ರೀಮಂತ ರಾಷ್ಟ್ರಗಳ ನೆರವಿಲ್ಲದೆ ಢಾಕಾದಂತಹ ಕಡೆ ಸಂಶೋಧನೆ ನಡೆಸುವುದು ಸುಲಭವಲ್ಲ. ಆದರೂ ಅದೇ ರಾಷ್ಟ್ರಗಳ ಮುಖಕ್ಕೆ ನಿಮ್ಮಿಂದ ನಮಗೆ ಬಾಕಿಯಿದೆ ಎಂದು ಹೇಳಲು ಅವರು ಹಿಂಜರಿಯಲಿಲ್ಲ. ಇಂತಹವರನ್ನು ಯಾವ ಜಾಹೀರಾತಿನ ಯಾವ ಅಂಕಣದಲ್ಲಿ ಅಳೆಯುತ್ತೀರಿ?

ನಮ್ಮ ದೇಶಕ್ಕೆ ಬರೋಣ. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆಯಲ್ಲಿರುವ ಹವಾಮಾನ ಬದಲಾವಣೆ ಸಂಶೋಧನಾ ಕೇಂದ್ರದ ವಿಜ್ಞಾನಿಗಳ ನೇತೃತ್ವದಲ್ಲಿ 2020ರಲ್ಲಿ ಕೇಂದ್ರ ಸರಕಾರದ ವರದಿಯೊಂದು ಹೊರಬಂತು. 1901ರಿಂದ 2018ರ ನಡುವೆ ಭಾರತದ ಸರಾಸರಿ ತಾಪಮಾನ ಸುಮಾರು 0.7 ಡಿಗ್ರಿ ಏರಿದೆ, 1951ರಿಂದ 2015ರ ನಡುವೆ ಮುಂಗಾರು ಮಳೆ ಸುಮಾರು ಶೇ. 6ರಷ್ಟು ಕುಗ್ಗಿದೆ, ಹಿಂದೂ ಮಹಾಸಾಗರದ ಮೇಲ್ಮೈ ಸುಮಾರು ಒಂದು ಡಿಗ್ರಿ ಬಿಸಿಯಾಗಿದೆ ಎಂದು ಅದರಲ್ಲಿದೆ. ಸರಕಾರದ ಸಂಬಳ ಪಡೆಯುವವರೇ ಬರೆದ ಈ ವರದಿ ನಮ್ಮ ಹೆಮ್ಮೆ. ಆದರೆ ಸರಾಸರಿಯನ್ನು ಹೇಳುವುದು ಸುಲಭ. ಯಾರ ಅಣೆಕಟ್ಟು, ಯಾರ ವಿದ್ಯುತ್ ಸ್ಥಾವರ, ಯಾರ ಬಂದರು ಎಂದು ಬೆರಳು ತೋರಿಸಬೇಕಾದಾಗ ನಿಜವಾದ ಪರೀಕ್ಷೆ ಆರಂಭವಾಗುತ್ತದೆ.

ಉಳ್ಳಾಲದ ಕಡಲ ಕಿನಾರೆಯನ್ನೇ ನೋಡಿ. ಪ್ರತಿ ಮಳೆಗಾಲದಲ್ಲಿ ಮನೆಗಳ ಅಂಗಳಕ್ಕೆ ಅಲೆ ನುಗ್ಗುತ್ತದೆ, ಕಲ್ಲು ತಂದು ಸುರಿಯಲಾಗುತ್ತದೆ, ಮರುವರ್ಷ ಕಲ್ಲೂ ಕಾಣುವುದಿಲ್ಲ. ಇದರಲ್ಲಿ ಸಮುದ್ರ ಮಟ್ಟದ ಏರಿಕೆಯ ಪಾಲೆಷ್ಟು? ನದೀಮುಖದಲ್ಲಿ ಕಟ್ಟಿದ ಅಲೆತಡೆಗಳ ಪಾಲೆಷ್ಟು? ನದಿಯಿಂದ ಎತ್ತಿದ ಮರಳಿನ ಪಾಲೆಷ್ಟು? ಎಲ್ಲವನ್ನೂ ‘ಹವಾಮಾನ ಬದಲಾವಣೆ’ಯ ತಲೆಗೆ ಕಟ್ಟಿದರೆ ಸ್ಥಳೀಯರಾರೂ ಉತ್ತರಿಸಬೇಕಾಗಿಲ್ಲ. ಎಲ್ಲವನ್ನೂ ಮರಳಿನವರ ಮೇಲೆ ಹಾಕಿದರೆ ಹೊಗೆ ಉಗುಳಿದವರು ಬಚಾವು. ಪಾಲುಗಳನ್ನು ಬಿಡಿಸಿ, ಅಂಕಿಯೊಂದಿಗೆ, ಸಹಿ ಹಾಕಿ ಹೇಳಬಲ್ಲ ಒಬ್ಬ ನಿರ್ದೇಶಕ ಆ ತಾಯಂದಿರಿಗೆ ಬೇಕು. ಆತ ಎರಡು ವರ್ಷದಲ್ಲಿ ವರ್ಗವಾಗಿ ಹೋಗುವ ಅಧಿಕಾರಿಯಾಗಿದ್ದರೆ, ಅಥವಾ ಮುಂದಿನ ಅನುದಾನಕ್ಕಾಗಿ ಅದೇ ಇಲಾಖೆಯ ಬಾಗಿಲು ಕಾಯಬೇಕಾದವನಾಗಿದ್ದರೆ ಹೇಳುವನೇ?

ನಮ್ಮ ಬೇಡಿಕೆ ದೊಡ್ಡದೇನಲ್ಲ. ನಿರ್ದೇಶಕರ ಅವಧಿ ಮೊದಲೇ ನಿಗದಿಯಾಗಲಿ, ಅದರ ನಡುವೆ ಕಾರಣ ಹೇಳದೆ ಎಬ್ಬಿಸುವಂತಿರಬಾರದು, ಮುಗಿದ ಮೇಲೆ ಅಂಟಿಕೊಳ್ಳುವಂತೆಯೂ ಇರಬಾರದು. ಹಣ ಕೊಡುವವರು ಆಯ್ಕೆಯ ಮೇಜಿನಿಂದ ದೂರವಿರಲಿ, ಅವರೊಂದಿಗಿನ ಒಪ್ಪಂದ ಎಲ್ಲರಿಗೂ ಕಾಣುವಂತಿರಲಿ. ವರದಿ ಪ್ರಕಟಿಸಲು ಸಚಿವಾಲಯದ ಅನುಮತಿ ಬೇಕಿಲ್ಲವೆಂದು ನೇಮಕಾತಿ ಪತ್ರದಲ್ಲಿಯೇ ಬರೆದುಕೊಡಲಿ. ಜಾಹೀರಾತಿನಲ್ಲಿ ಹತ್ತು ಅರ್ಹತೆಗಳ ಜೊತೆ ಹನ್ನೊಂದನೆಯದಾಗಿ, ಬಾಧಿತ ಜನರ ನಡುವೆ ಕೆಲಸ ಮಾಡಿದ್ದೀರಾ ಎಂಬ ಒಂದು ಸಾಲನ್ನು ಸೇರಿಸಿದರೆ ಸಂಸ್ಥೆಯ ಘನತೆಗೆ ಕುಂದು ಬಾರದು.

ಎಕ್ಸಾನ್ ಕಂಪೆನಿಯ ಆ ಟಿಪ್ಪಣಿ ಬೆಳಕಿಗೆ ಬಂದದ್ದು ಹೇಗೆ ಗೊತ್ತೇ? ಪರಿಸರ ಸಂಘಟನೆಯೊಂದು ಅಮೇರಿಕದ ಮಾಹಿತಿ ಸ್ವಾತಂತ್ರ್ಯ ಕಾನೂನಿನಡಿ ಅದನ್ನು ಕೇಳಿ ಪಡೆದದ್ದರಿಂದ. ನಮ್ಮಲ್ಲೂ 2005ರಿಂದ ಮಾಹಿತಿ ಹಕ್ಕು ಕಾಯಿದೆಯಿದೆ. ಸಾರ್ವಜನಿಕ ಹಣದಿಂದ ನಡೆಯುವ ಯಾವುದೇ ಸಂಶೋಧನಾ ಕೇಂದ್ರಕ್ಕೆ ಹತ್ತು ರೂಪಾಯಿ ಶುಲ್ಕದೊಂದಿಗೆ ಒಂದು ಅರ್ಜಿ ಹಾಕಿದರೆ ಮೂವತ್ತು ದಿನಗಳೊಳಗೆ ಉತ್ತರಿಸಬೇಕು. ಅಭ್ಯರ್ಥಿಗಳ ಖಾಸಗಿ ವಿವರ ನಮಗೆ ಬೇಡ. ಆಯ್ಕೆ ಸಮಿತಿಯಲ್ಲಿ ಕುಳಿತವರು ಯಾರು, ಅವರಲ್ಲಿ ಯಾರಿಗೆ ಯಾವ ಕಂಪೆನಿಯೊಂದಿಗೆ ಸಂಬಂಧವಿದೆ, ನಿರ್ದೇಶಕರ ಅವಧಿಯೆಷ್ಟು ಎಂಬ ಮೂರು ಪ್ರಶ್ನೆಗಳು ಸಾಕು. ಅರ್ಜಿಯನ್ನು ಕನ್ನಡದಲ್ಲಿಯೇ ಬರೆಯಬಹುದು. ಕಾಲೇಜಿಗೆ ಹೋಗುವ ಮಕ್ಕಳಿಂದಲೇ ಬರೆಸಿ.